ಮೂರು ಮಿಸ್ಡ್ ಕಾಲಿನ ಕರಾರು

ಭಾನುವಾರ, ಜುಲೈ 6

ಎರಡು ಸಾವಿರದ ಇಪ್ಪತ್ತೈದನೇ ಇಸವಿ ಜುಲೈ ಮಾಹೆ ಆರನೇ ತಾರೀಖು, ದೇವನಹಳ್ಳಿ ತಾಲ್ಲೂಕು ವಿಜಯಪುರ ಟೌನಿನಲ್ಲಿ ವಾಸವಾಗಿರುವ, ಪತ್ರ ಬರಹಗಾರ ವೇಣುಗೋಪಾಲ್ ಆದ ನಾನು, ಯಾರ ಬಲವಂತವೂ ಇಲ್ಲದೆ, ಸ್ವಸ್ಥ ಮನಸ್ಸಿನಿಂದ, ನನಗೆ ನಾನೇ ಬರೆದುಕೊಂಡ ದಿನಚರಿಯ ಕ್ರಮವೇನೆಂದರೆ: ನನ್ನ ಮನೆಯವಳು ಇವತ್ತು ಆಫ್ರಿಕಾಕ್ಕೆ ಹೋದಳು.

ಸ್ವಸ್ಥ ಮನಸ್ಸು ಎಂದು ಬರೆದದ್ದು ಅಭ್ಯಾಸಬಲ.

ಇಪ್ಪತ್ತೆಂಟು ವರ್ಷ ಸಬ್‌ರಿಜಿಸ್ಟ್ರಾರ್ ಆಫೀಸಿನ ಎದುರು ಕೂತು ಊರವರ ಕ್ರಯಪತ್ರ, ವಿಭಾಗಪತ್ರ ಬರೆದವನಿಗೆ ಪೂರ್ವಾಪರ ಕಾಣಿಸದೆ ಕೈ ಮುಂದಕ್ಕೆ ಓಡುವುದಿಲ್ಲ. ಆದ್ದರಿಂದ ಪೂರ್ವಾಪರ. ಜ್ಯೋತಿಲಕ್ಷ್ಮಿಗೆ ನಲವತ್ತೇಳು. ರೇಷ್ಮೆಗೂಡನ್ನು ಬಿಸಿನೀರಿಗೆ ಹಾಕಿ ನೂಲು ತೆಗೆಯುವ ಕೆಲಸದಲ್ಲಿ ಅವಳ ಬೆರಳು ಪಳಗಿ ಮೂವತ್ತು ವರ್ಷವಾಯಿತು. ರುವಾಂಡಾ ಎಂಬ ದೇಶದ ಒಂದು ಹಳ್ಳಿಯಲ್ಲಿ ಇಪ್ಪತ್ತೆರಡು ಹೆಂಗಸರಿಗೆ ಈ ಕೆಲಸ ಕಲಿಸಲು ಒಬ್ಬರು ಬೇಕೆಂದಾಗ, ಆ ತರಬೇತಿ ನಡೆಸುವ ಸಂಸ್ಥೆಯವರು ಡಿಗ್ರಿ ಹಿಡಿದು ಬಂದವರನ್ನೆಲ್ಲ ಪಕ್ಕಕ್ಕೆ ಕೂರಿಸಿ, ಇವಳ ಮುಂದೆ ಒಂದು ಬೋಗುಣಿ ಗೂಡು ಇಟ್ಟರಂತೆ. ಹತ್ತು ನಿಮಿಷ ನೋಡಿ, ಪಾಸ್‌ಪೋರ್ಟ್ ಮಾಡಿಸಿ ಅಂದರಂತೆ. ಸೆಪ್ಟೆಂಬರ್ 24ಕ್ಕೆ ವಾಪಸ್ ಟಿಕೆಟ್. ಆಯುಧಪೂಜೆಗೆ ಮನೆಯಲ್ಲಿರುತ್ತಾಳೆ.

ನಮ್ಮ ತಲೆಯ ಮೇಲೆ ದಿನವೂ ನೂರಾರು ವಿಮಾನ ಹೋಗುತ್ತವೆ. ಒಂದನ್ನೂ ಕತ್ತೆತ್ತಿ ನೋಡಿದವನಲ್ಲ. ಇವತ್ತು ಮಹಡಿಯ ಮೇಲೆ ನಿಂತು ಎಲ್ಲವನ್ನೂ ನೋಡಿದೆ, ಯಾವುದರಲ್ಲಿದ್ದಾಳೋ ಎಂದು.

ಚಿಂತೆಗೆ ಕಾರಣವಿದೆ. ಇವಳಿಗೆ ಫೋನಿನ ವ್ಯವಹಾರ ತಿಳಿಯದು. ಇದುವರೆಗೆ ಒಂದು ಸಲವೂ ತಾನಾಗಿ ರೀಚಾರ್ಜ್ ಮಾಡಿಕೊಂಡವಳಲ್ಲ. ಎಂಬತ್ತನಾಲ್ಕು ದಿನಕ್ಕೊಮ್ಮೆ ಅದನ್ನು ಮಾಡುವುದು ಯಜಮಾನನಾದ ನನ್ನ ಜವಾಬ್ದಾರಿ. ಹಾಗಾಗಿ ಬಸ್‌ಸ್ಟ್ಯಾಂಡಿನ ಅಂಬರೀಶನ ಅಂಗಡಿಯಲ್ಲಿ ಹತ್ತು ದಿನದ ರೋಮಿಂಗ್ ಪ್ಯಾಕ್ ಹಾಕಿಸಿ, ಏರ್‌ಪೋರ್ಟಿನಲ್ಲಿ ಕರಾರನ್ನು ಮತ್ತೊಮ್ಮೆ ಓದಿ ಹೇಳಿದೆ.

ಕರಾರು ಹಳೆಯದು, ಮೊದಲ ಮೊಬೈಲ್ ತಂದಾಗಿನದು. ಒಂದು ಮಿಸ್ಡ್ ಕಾಲ್ ಬಂದರೆ: ಕ್ಷೇಮ. ಎರಡು ಬಂದರೆ: ತಡವಾಗುತ್ತದೆ, ಊಟಕ್ಕೆ ಕಾಯಬೇಡ. ಮೂರು ಬಂದರೆ: ಇದ್ದಲ್ಲಿಂದ ಹೊರಟು ಬಾ. ಎತ್ತುವಂತಿಲ್ಲ, ಯಾರೂ ಎತ್ತಿದವರಿಲ್ಲ. ಮೂರು ಕೊಟ್ಟದ್ದು ಇಷ್ಟು ವರ್ಷದಲ್ಲಿ ಒಂದೇ ಸಲ, ನಮ್ಮಮ್ಮ ಹೋದ ದಿನ. ಅವಳು ಕೈಯಲ್ಲಿದ್ದ ನೂಲನ್ನು ಹಾಗೇ ಬಿಟ್ಟು ಓಡಿ ಬಂದಿದ್ದಳು.

"ಈಗ ಎಲ್ಲಾ ಅನ್‌ಲಿಮಿಟೆಡ್ ಅಲ್ವೇನ್ರೀ, ಇನ್ನೂ ಯಾಕ್ ಈ ಮಿಸ್ಡ್ ಕಾಲು?" ಎಂದಳು, ಬ್ಯಾಗು ತಳ್ಳುತ್ತಾ.

"ಶಿಸ್ತು ಕಣೇ," ಎಂದೆ.

ಮಂಗಳವಾರ, ಜುಲೈ 8

ತಲುಪಿದ ಮಿಸ್ಡ್ ಕಾಲ್ ಬಂದಿಲ್ಲ.

ಬೆಳಿಗ್ಗೆ ಒಂಬತ್ತಕ್ಕೆ ಪ್ಲಸ್ ಎರಡು ಐದು ಸೊನ್ನೆ ಎಂದು ಶುರುವಾಗುವ ಯಾವುದೋ ನಂಬರಿನಿಂದ ಒಂದೇ ರಿಂಗ್ ಬಂತು. ಹೀಗೆ ಹೊರದೇಶದಿಂದ ರಿಂಗ್ ಕೊಟ್ಟು ಬಲೆಗೆ ಬೀಳಿಸುವ ಕಳ್ಳರ ವಿಷಯ ನನಗೆ ಚೆನ್ನಾಗಿ ಗೊತ್ತು. ಎತ್ತಲಿಲ್ಲ. ಬ್ಲಾಕ್ ಮಾಡಿದೆ. ಹೊಸಕೋಟೆಯಲ್ಲಿರುವ ಮಗಳು ಮೇಘನಳಿಗೂ ಫೋನ್ ಮಾಡಿ, ವಿದೇಶದ ನಂಬರ್ ಎತ್ತಬೇಡ ಎಂದು ತಿಳಿವಳಿಕೆ ಹೇಳಿದೆ.

ಸಂಜೆ ಅಂಬರೀಶನ ಅಂಗಡಿಗೆ ಹೋಗಿ ನನ್ನ ಜಾಣತನ ವಿವರಿಸಿದೆ. ಅವನು ಫೋನ್ ಇಸಿದುಕೊಂಡು ನೋಡಿ, "ಗುರುಗಳೇ, ಎರಡೈದು ಸೊನ್ನೆ ಅಂದ್ರೆ ರುವಾಂಡಾ. ನೀವ್ ಬ್ಲಾಕ್ ಮಾಡಿರೋದು ನಮ್ಮ ಜ್ಯೋತಕ್ಕನ್ನ," ಎಂದ.

ಬ್ಲಾಕ್ ತೆರವುಗೊಳಿಸಲಾಯಿತು. ಅಂಗಡಿಯಲ್ಲಿದ್ದ ಇಬ್ಬರು ಸಾಕ್ಷಿಗಳು ನಕ್ಕರು.

ಶನಿವಾರ, ಜುಲೈ 12

ವಾಟ್ಸಾಪಿನಲ್ಲಿ ಮಾತಾಡಿದಳು. ನಾನು ಹಾಕಿಸಿದ ಹತ್ತು ದಿನದ ಪ್ಯಾಕು ಮಧ್ಯೆ ವಿಮಾನ ಬದಲಿಸುವ ಊರಿನಲ್ಲೇ ಮುಗಿದು ಹೋಯಿತಂತೆ. ಫೋನಿನಲ್ಲಿದ್ದ ಆಪುಗಳೆಲ್ಲ ತಾವೇ ತಾವಾಗಿ ಅಪ್‌ಡೇಟ್ ಆಗಿ, ನಾಲ್ಕು ಗಂಟೆಯಲ್ಲಿ ಕುಡಿದು ಮುಗಿಸಿದವಂತೆ. ಇಳಿದಾಗ ಅವಳ ಕೈಯಲ್ಲಿದ್ದದ್ದು ಬರಿಯ ಗಾಜಿನ ಹಲಗೆ.

"ಆಮೇಲೆ ಏನ್ ಮಾಡ್ದೆ?"

"ಇಲ್ಲೇ ಗುಡ್ಡದ್ ಕೆಳಗೆ ರಸ್ತೇಲಿ ಹಳದಿ ಕೊಡೆ ಹಾಕ್ಕೊಂಡು ಒಬ್ಬಳು ಹುಡುಗಿ ಕೂತಿದ್ಲು. ಉಮುತೋನಿ ಅಂತ. ಸಿಮ್ಮು, ರೀಚಾರ್ಜು, ದುಡ್ಡು ಕಳಿಸೋದು ಎಲ್ಲಾ ಆ ಕೊಡೆ ಕೆಳಗೇನೇ. ಪಾಸ್‌ಪೋರ್ಟ್ ತೋರಿಸ್ದೆ. ಐದು ನಿಮಿಷ."

"ಭಾಷೆ?"

"ಅವಳಿಗ್ ಕನ್ನಡ ಬರಲ್ಲ, ನನಗ್ ಅವರದು ಬರಲ್ಲ. ಇಬ್ಬರಿಗೂ ಫೋನ್ ಬರುತ್ತಲ್ಲ."

ಇಬ್ಬರಿಗೂ ಫೋನ್ ಬರುತ್ತದಂತೆ. ಯಾವಾಗ ಬಂತು ಎಂದು ಕೇಳಬೇಕೆಂದಿದ್ದೆ, ಅಷ್ಟರಲ್ಲಿ ಲೈನ್ ಕಡಿದುಹೋಯಿತು.

ಅವಳ ಸಂಜೆ ಮೂರೂವರೆಯ ಟೀ ಹೊತ್ತು ನಮ್ಮ ಏಳು ಗಂಟೆ. ಆ ಹೊತ್ತಿಗೆ ನಾನು ಒಂದು ಮಿಸ್ಡ್ ಕಾಲ್ ಕೊಡುವುದು, ಅವಳು ವಾಪಸ್ ಒಂದು ಕೊಡುವುದು ಎಂದು ಕರಾರಿಗೆ ತಿದ್ದುಪಡಿ ಆಗಿದೆ. ಇದಕ್ಕಾಗಿ ನನ್ನ ಫೋನಿಗೆ ಹೊರದೇಶದ ಕರೆಗೆ ಬೇಕಾದ ಬ್ಯಾಲೆನ್ಸ್ ಹಾಕಿಸಿದೆ. ಅನ್‌ಲಿಮಿಟೆಡ್ ಎಂಬ ಮಾತಿಗೆ ಭಾರತದ ಗಡಿಯೇ ಚಕ್ಕುಬಂದಿ ಎಂದು ಅಂಬರೀಶ ಇವತ್ತು ತಿಳಿಸಿದ. ಇರಲಿ. ಮಿಸ್ಡ್ ಕಾಲಿಗೆ ಖರ್ಚಿಲ್ಲ. ಹಾಕಿದ ಬ್ಯಾಲೆನ್ಸ್ ದೇವರ ಮುಂದಿಟ್ಟ ತೆಂಗಿನಕಾಯಿಯ ಹಾಗೆ ಅಲ್ಲೇ ಇರುತ್ತದೆ.

ಭಾನುವಾರ, ಆಗಸ್ಟ್ 3

ಇವತ್ತು ನನ್ನ ಮನೆಯವಳು ನನಗೆ ಫೋನ್ ಪ್ಯಾಕಿನ ಪಾಠ ಮಾಡಿದಳು. ದಾಖಲಾಗಬೇಕಾದ ವಿಷಯ.

ಅಲ್ಲಿ ಎಂಬತ್ತನಾಲ್ಕು ದಿನದ ಸುಖವಿಲ್ಲ. ಒಂದು ದಿನದ್ದು, ಮೂರು ದಿನದ್ದು, ವಾರದ್ದು ಎಂದು ಚಿಲ್ಲರೆ ಪ್ಯಾಕುಗಳು. ಮಾತಿಗೆ ಒಂದು, ಡೇಟಾಕ್ಕೆ ಒಂದು, ಹೊರದೇಶದ ಮಾತಿಗೆ ಇನ್ನೊಂದು. ಗಡುವು ಮುಗಿದರೆ ಉಳಿದದ್ದು ಗಾಳಿಗೆ. ನಾನಾಗಿದ್ದರೆ ಮೂರು ಅರ್ಜಿ ಬರೆದು ಕೂರುತ್ತಿದ್ದೆ. ಅವಳು ನಕ್ಕಳು.

"ಇದೇನ್ ಹೊಸದು? ಗೂಡಿನ ವ್ಯಾಪಾರದ್ ಥರಾನೇ. ಮಾರ್ಕೆಟ್ಟಿಂದ ತಂದ್ ಗೂಡನ್ನ ಚಿಟ್ಟೆ ತೂತು ಮಾಡ್ಕೊಂಡು ಬರೋದ್ರೊಳಗೆ ಬಿಚ್ಬೇಕು. ನಾಳೆ ನೋಡೋಣ ಅಂದ್ರೆ ಗೂಡೂ ಹೋಯ್ತು, ನೂಲೂ ಹೋಯ್ತು. ಇವತ್ತಿಗ್ ಎಷ್ಟು ಬೇಕೋ ಅಷ್ಟೇ ತರ್ತೀನಿ, ಇವತ್ತೇ ಮುಗಿಸ್ತೀನಿ."

ಅವಳು ಈಗ ಮಂಗಳವಾರ ವಾರದ್ದು ಕೊಳ್ಳುತ್ತಾಳೆ, ಅವತ್ತು ಸ್ವಲ್ಪ ಹೆಚ್ಚು ಕೊಡುತ್ತಾರಂತೆ. ಭಾನುವಾರ ಒಂದು ದಿನದ ಡೇಟಾ, ವಾಟ್ಸಾಪಿನಲ್ಲಿ ನನ್ನ ಜೊತೆ ಮಾತಾಡಲು. ಕಲಿಯುವ ಹೆಂಗಸರಲ್ಲಿ ನಾಲ್ಕು ಜನ ಇವಳ ಲೆಕ್ಕಾಚಾರ ನೋಡಿ ತಮ್ಮ ಪ್ಯಾಕೂ ಇವಳನ್ನೇ ಕೇಳಿ ಹಾಕಿಸಿಕೊಳ್ಳುತ್ತಾರಂತೆ. ಸ್ಟಾರು, ಹ್ಯಾಷು, ನಂಬರು, ಎಲ್ಲಾ ಬಾಯಿಪಾಠ. ಇಲ್ಲಿ ಟಿವಿ ರಿಮೋಟನ್ನು ನನ್ನ ಕೈಗೆ ಕೊಡುತ್ತಿದ್ದವಳು.

ಫೋನ್ ಇಡುವಾಗ ಒಂದು ಮಾತು ಹೇಳಿದಳು. ಅಲ್ಲೂ ಮಿಸ್ಡ್ ಕಾಲ್ ಇದೆಯಂತೆ. ಆದರೆ ಅಲ್ಲಿನ ಪದ್ಧತಿಯಲ್ಲಿ ಇಲ್ಲದವನು ಮಿಸ್ಡ್ ಕಾಲ್ ಕೊಡುವುದು, ಇದ್ದವನು ವಾಪಸ್ ಫೋನ್ ಮಾಡುವುದು.

"ದಿನಾ ಟೀ ಹೊತ್ತಿಗೆ ನಿಮ್ಮ ರಿಂಗ್ ನೋಡಿ ಹುಡುಗೀರು ಕೇಳ್ತಾರೆ: ನಿಮ್ಮ ಯಜಮಾನ್ರು ಅಷ್ಟೊಂದ್ ಬಡವರಾ ಮೇಡಂ?"

"ನೀನೇನಂದೆ?"

"ಪಾಪ, ಹೂಂ ಅಂದೆ."

ಮಂಗಳವಾರ, ಆಗಸ್ಟ್ 26

ಗೌರಿ ಹಬ್ಬ. ಅವಳು ಅಲ್ಲಿ ಇಪ್ಪತ್ತೆರಡು ಹೆಂಗಸರಿಗೂ ಬಾಗಿನ ಕೊಟ್ಟಳಂತೆ. ಮೊರ ಸಿಗದೆ, ಅವರೇ ಹುಲ್ಲಿನಲ್ಲಿ ಹೆಣೆಯುವ ತಟ್ಟೆಯಲ್ಲಿ. ಫೋಟೋ ಬಂತು. ಎಲ್ಲರ ಹಣೆಯಲ್ಲೂ ಕುಂಕುಮ, ಕೈಯಲ್ಲಿ ಬಾಳೆಹಣ್ಣು. ಫೋಟೋವನ್ನು ಸಬ್‌ರಿಜಿಸ್ಟ್ರಾರ್ ಆಫೀಸಿನಲ್ಲಿ ಎಲ್ಲರಿಗೂ ತೋರಿಸಿದೆ. ಕೆಲವರಿಗೆ ಎರಡು ಸಲ.

ನಾನು ಮನೆಯಲ್ಲಿ ಕಡುಬು ಮಾಡಿದೆ. ಆಕಾರದ ಬಗ್ಗೆ ಹೇಳುವುದಿಲ್ಲ. ಮೂರು ತಿಂದೆ.

ಇನ್ನೊಂದು. ಸೆಪ್ಟೆಂಬರ್ 18ಕ್ಕೆ ಅವರ ನೂಲಿನ ಪರೀಕ್ಷೆ. ಹೊರಗಿನವರು ಬಂದು ನೂಲು ಒಂದೇ ಸಮನಾಗಿದೆಯೇ, ಅಂಟಿಕೊಂಡಿದೆಯೇ ಎಂದು ನೋಡುತ್ತಾರೆ. ತೇರ್ಗಡೆಯಾದರೆ ಇಪ್ಪತ್ತೆರಡು ಜನಕ್ಕೂ ಅಲ್ಲೇ ಖಾಯಂ ಕೆಲಸ. ಇಲ್ಲದಿದ್ದರೆ ತರಬೇತಿ ಕೇಂದ್ರಕ್ಕೆ ಬೀಗ. ತೇರ್ಗಡೆಯಾದರೆ ತನ್ನನ್ನು ಮಾರ್ಚಿಯವರೆಗೆ ಇರಲು ಕೇಳಬಹುದು ಎಂದು, ಹಬ್ಬದ ಮಾತಿನ ನಡುವೆ, ಉಪ್ಪು ಕೇಳಿದ ಹಾಗೆ ಹೇಳಿದಳು.

"ಒಳ್ಳೇದೇ ಅಲ್ವಾ," ಎಂದೆ.

ಸೆಪ್ಟೆಂಬರ್ 24ರ ಮೇಲೆ ಕ್ಯಾಲೆಂಡರಿನಲ್ಲಿ ಹಾಕಿದ್ದ ಕೆಂಪು ಗುರುತನ್ನು ಸುಮ್ಮನೆ ನೋಡಿದೆ. ಹೋದ ವಾರ ಎರಡನೇ ಸುತ್ತು ಹಾಕಿ ದಪ್ಪ ಮಾಡಿದ್ದು ನಾನೇ.

ಮಂಗಳವಾರ, ಸೆಪ್ಟೆಂಬರ್ 9

ಜ್ಯೋತಿಯ ಕೇಂದ್ರದಲ್ಲಿ ನೂಲು ತೆಗೆಯುವ ಮಿಷಿನ್ ಕೆಟ್ಟಿದೆ.

ಪೂರ್ತಿ ನಿಂತಿಲ್ಲ, ಅದೇ ತೊಂದರೆ. ಸುತ್ತುತ್ತದೆ, ಆದರೆ ನೂಲು ರಾಟೆಯ ಮೇಲೆ ಒಂದೇ ಜಾಗದಲ್ಲಿ ಬಿದ್ದು ಒಂದಕ್ಕೊಂದು ಅಂಟಿಕೊಳ್ಳುತ್ತಿದೆ. ಅಲ್ಲಿನ ಮೆಕ್ಯಾನಿಕ್ ಎರಡು ಸಲ ಬಿಚ್ಚಿ ಜೋಡಿಸಿ, ಎಲ್ಲಾ ಸರಿಯಿದೆ ಎಂದು ಹೋದನಂತೆ. ಪರೀಕ್ಷೆಗೆ ಒಂಬತ್ತು ದಿನ.

"ಮುನಿಯಣ್ಣನ್ ಕೇಳ್ರೀ. ಆ ಮಿಷಿನ್ ಹೋಗಿರೋದೇ ನಮ್ ಕಡೆಯಿಂದ. ಅವರಿಗ್ ಗೊತ್ತಿರುತ್ತೆ," ಎಂದಳು.

ಮುನಿವೆಂಕಟಪ್ಪ ನಮ್ಮೂರಿನ ನೂಲು ಮಿಷಿನ್‌ಗಳ ಫಿಟ್ಟರ್. ಎಪ್ಪತ್ತು ಹತ್ತಿರ. ಅವನ ಮನೆ ನಮ್ಮ ಮನೆಯಿಂದ ಎರಡು ಬೀದಿ ಆಚೆ.

ಇವತ್ತು ಹೋಗಲಾಗಲಿಲ್ಲ. ಕಾಲು ನೋವು.

ಬುಧವಾರ, ಸೆಪ್ಟೆಂಬರ್ 10

ಇವತ್ತೂ ಹೋಗಲಿಲ್ಲ.

ಏಳಕ್ಕೆ ಒಂದು ಮಿಸ್ಡ್ ಕಾಲ್ ಕೊಟ್ಟೆ. ಕ್ಷೇಮ ಎಂದು ಒಂದು ವಾಪಸ್ ಬಂತು.

ಗುರುವಾರ, ಸೆಪ್ಟೆಂಬರ್ 11

ಕಾಲು ನೋವಿರಲಿಲ್ಲ. ಕ್ಯಾಲೆಂಡರಿನ ಕೆಂಪು ಗುರುತು ಅಡ್ಡ ನಿಂತಿತ್ತು. ಬರೆದದ್ದನ್ನು ಹೊಡೆದುಹಾಕುವುದು ನಮ್ಮ ವೃತ್ತಿಯಲ್ಲಿ ಅಪರಾಧ, ಹಾಗಾಗಿ ಅದು ಅಲ್ಲೇ ಇರಲಿ, ಇದು ಇಲ್ಲಿರಲಿ.

ಬೆಳಿಗ್ಗೆ ಆರಕ್ಕೇ ಮುನಿವೆಂಕಟಪ್ಪನ ಬಾಗಿಲಿನಲ್ಲಿದ್ದೆ.

"ಏನ್ ಪತ್ರದ್ ಸಾಮಿ, ದಾರಿ ತಪ್ಪಿ ಬಂದ್ರಾ?" ಎಂದ, ಹಲ್ಲುಜ್ಜುತ್ತಾ.

ವಿಷಯ ಹೇಳಿದೆ. ಜ್ಯೋತಿ ಕಳಿಸಿದ್ದ, ಹೆಂಗಸರ ಮಾತೇ ತುಂಬಿದ್ದ ವಿಡಿಯೋ ತೋರಿಸಿದೆ. ಅವನು ಫೋನನ್ನು ಕಣ್ಣಿಗೆ ಹಿಡಿಯದೆ ಕಿವಿಗೆ ಹಿಡಿದ.

"ಇದ್ರಲ್ಲಿ ಮಿಷಿನ್ನೇ ಇಲ್ವಲ್ಲ."

"ಕಾಣ್ತಿದೆಯಲ್ಲಪ್ಪ, ತಿರುಗ್ತಾ ಇದೆ."

"ಕಾಣೋದ್ ತಕ್ಕೊಂಡ್ ಏನ್ ಮಾಡ್ಲಿ? ಅಲ್ಲಿರೋನೂ ಕಣ್ಣಲ್ಲೇ ನೋಡಿ ಸರಿ ಐತೆ ಅಂದಿರೋದು. ಅದರ ಸದ್ದು ತಂದ್ಕೊಡಿ. ಸದ್ದು ಕೇಳ್ಸಿದ್ರೆ ಎಲ್ ನೋವು ಅಂತ ಹೇಳ್ತೀನಿ."

ಆಮೇಲೆ ಜ್ಯೋತಿ ವಾಟ್ಸಾಪ್ ಕಾಲಿನಲ್ಲಿ ಮಿಷಿನ್ ಪಕ್ಕ ನಿಂತು ಫೋನ್ ಹಿಡಿದಳು. ಅವಳ ಮಾತು ಕೇಳಿಸಿತು, ಮಿಷಿನ್ ಮಾತ್ರ ಮೂಕ. ಅಂಬರೀಶನನ್ನು ಕೇಳಿದರೆ, ಆ ಆಪು ಮನುಷ್ಯರ ಮಾತನ್ನು ಇಟ್ಟುಕೊಂಡು ಉಳಿದ ಗಲಾಟೆಯನ್ನು ತಾನೇ ಒರೆಸಿಹಾಕುತ್ತದಂತೆ. ಮುನಿವೆಂಕಟಪ್ಪನಿಗೆ ಬೇಕಾಗಿರುವುದು ಆ ಗಲಾಟೆಯೇ.

"ಸಾದಾ ಕಾಲ್ ಮಾಡಿ ಗುರುಗಳೇ. ಬಟನ್ ಫೋನ್ ಸಿಕ್ರೆ ಇನ್ನೂ ಒಳ್ಳೇದು, ಅದಕ್ಕೆ ಅಷ್ಟು ಬುದ್ಧಿ ಇರಲ್ಲ," ಎಂದ ಅಂಬರೀಶ.

ಶನಿವಾರ, ಸೆಪ್ಟೆಂಬರ್ 13

ಇವತ್ತಿನದನ್ನು ರಾತ್ರಿ ಊಟ ಮುಗಿದ ಮೇಲೆ ಬರೆಯುತ್ತಿದ್ದೇನೆ.

ಎರಡು ದಿನ ವಿಡಿಯೋ ಕಳಿಸಿ ಕಳಿಸಿ ಜ್ಯೋತಿಯ ವಾರದ ಡೇಟಾ ಖಾಲಿ. ಹೊರದೇಶಕ್ಕೆ ಮಾತಾಡುವ ಪ್ಯಾಕನ್ನು ಅವಳು ಹಾಕಿಸಿಕೊಂಡವಳೇ ಅಲ್ಲ, ಏಕೆಂದರೆ ಅವಳ ಗಂಡ ಮಿಸ್ಡ್ ಕಾಲಿನ ಮನುಷ್ಯ. ಹಾಗಾಗಿ ನಾನೇ ಜೀವಮಾನದಲ್ಲಿ ಮೊದಲ ಬಾರಿಗೆ ಹೊರದೇಶದ ಮಾತಿನ ಪ್ಯಾಕ್ ಹಾಕಿಸಿದೆ. ಮಧ್ಯಾಹ್ನ ಹನ್ನೆರಡೂವರೆ, ಅವಳಿಗೆ ಬೆಳಿಗ್ಗೆ ಒಂಬತ್ತು. ಅಂಬರೀಶನ ಅಂಗಡಿಯಲ್ಲಿ ಮುನಿವೆಂಕಟಪ್ಪನನ್ನು ಸ್ಟೂಲಿನ ಮೇಲೆ ಕೂರಿಸಿ, ಫೋನ್ ಮಾಡಿದೆ.

ರಿಂಗಾಯಿತು. ರಿಂಗಾಗುತ್ತಲೇ ಇತ್ತು. ಎತ್ತಲಿಲ್ಲ. ಪೂರ್ತಿ ಆಗಿ ನಿಂತಿತು.

ಮತ್ತೆ ಮಾಡಿದೆ. ಎತ್ತಲಿಲ್ಲ.

"ಜ್ಯೋತಮ್ಮ ಬಿಸಿನೀರಲ್ಲಿ ಕೈ ಇಟ್ಟೌಳೇನೋ, ಇನ್ನೊಂದ್ ಕಿತ ಮಾಡಿ," ಎಂದ ಮುನಿವೆಂಕಟಪ್ಪ.

ಮತ್ತೆ ಮಾಡಿದೆ. ಎತ್ತಲಿಲ್ಲ. ವಾಟ್ಸಾಪಿನಲ್ಲಿ 'ಎತ್ತು' ಎಂದು ಬರೆದೆ. ಒಂದೇ ಟಿಕ್ ಬಿತ್ತು. ನನಗೆ ಸಿಟ್ಟು ಬಂತು. ಫೋನ್ ಇರುವುದು ಎತ್ತುವುದಕ್ಕಲ್ಲವೇ ಎಂದು ಅಂಗಡಿಯಲ್ಲಿ ಎಲ್ಲರಿಗೂ ಕೇಳಿಸುವಂತೆ ಅಂದೆ. ಹತ್ತು ನಿಮಿಷ ಕಾದು ನಾಲ್ಕನೇ ಸಲ ಒತ್ತಬೇಕು, ಅಷ್ಟರಲ್ಲಿ ಯಾವುದೋ ಬೇರೆ ಹೊರದೇಶದ ನಂಬರು ಅಡ್ಡ ಬಂತು, ಅದರ ಮೊದಲ ಅಂಕಿಗಳನ್ನು ನೋಡುವ ಸಹನೆ ನನಗಿರಲಿಲ್ಲ. ಕತ್ತರಿಸಿದೆ. ಮತ್ತೆ ಬಂತು. ಕತ್ತರಿಸಿದೆ. ಮೂರನೇ ಸಲ ಬಂದಾಗ, ಈ ಕಳ್ಳರಿಗೆ ಹೊತ್ತು ಗೊತ್ತು ಇಲ್ಲವಲ್ಲ ಎಂದು ಬೈದು ಕತ್ತರಿಸಿದೆ.

ಐದು ನಿಮಿಷಕ್ಕೆ ಮೇಘನಳ ಫೋನು. ಅಳುತ್ತಿದ್ದಳು.

"ಅಪ್ಪಾ, ನೀವೇನಾ ಮಾತಾಡ್ತಿರೋದು?"

"ಇನ್ಯಾರಮ್ಮ?"

"ಬದುಕಿದೀರಾ?"

"ಬದುಕಿದೀನಿ. ಯಾಕೆ, ಯಾರ್ ಕೇಳಿದ್ರು?"

"ಅಮ್ಮ. ಯಾರದೋ ಫೋನಿಂದ ಮಾಡಿದ್ಲು. ಮೂರು ಸಲ ರಿಂಗ್ ಬಂತು ಮೇಘಾ, ನಿಮ್ಮಪ್ಪನಿಗ್ ಏನೋ ಆಗಿದೆ, ವಾಪಸ್ ಮಾಡಿದ್ರೆ ಯಾರೋ ಕಟ್ ಮಾಡ್ತಿದಾರೆ, ಬೇಗ ಹೋಗು ಅಂದ್ಲು. ನಾನ್ ಆಟೋದಲ್ಲಿದೀನಿ ಅಪ್ಪಾ."

ಮೂರು ಸಲ.

ಕೂತುಬಿಟ್ಟೆ. ಅಂಬರೀಶ ನೀರು ಕೊಟ್ಟ. ಇಪ್ಪತ್ತು ವರ್ಷದಿಂದ ನನ್ನ ರಿಂಗನ್ನು ಎತ್ತಬಾರದು, ಎಣಿಸಬೇಕು ಎಂದು ಕಲಿಸಿದವನು ನಾನು. ಅವಳು ಎಣಿಸಿದ್ದಾಳೆ. ಮೊದಲನೆಯದಕ್ಕೆ ಕ್ಷೇಮ ಅಂದುಕೊಂಡಿರುತ್ತಾಳೆ. ಎರಡನೆಯದಕ್ಕೆ ನಕ್ಕಿರುತ್ತಾಳೆ, ಇಷ್ಟು ದೂರದಿಂದ ಊಟಕ್ಕೆ ಕಾಯಬೇಡ ಅನ್ನುತ್ತಾರಲ್ಲ ಎಂದು. ಮೂರನೆಯದು ಬಂದಾಗ ಅವಳ ಮುಖ ಹೇಗಾಗಿರಬಹುದು ಎಂಬುದನ್ನು ಬರೆಯಲಾರೆ. ಅಮ್ಮ ಹೋದ ದಿನ ಬಾಗಿಲಲ್ಲಿ ನೋಡಿದ್ದೆ.

ನಾನು ಕತ್ತರಿಸಿದ್ದ ನಂಬರಿಗೇ ಮಾಡಿದೆ. ಅರ್ಧ ರಿಂಗಿಗೆ ಎತ್ತಿದಳು. ಏದುಸಿರು.

"ಜ್ಯೋತಿ, ನಾನು ಕಣೇ. ಚೆನ್ನಾಗಿದೀನಿ. ಏನೂ ಆಗಿಲ್ಲ."

ಗಾಳಿಯ ಸದ್ದಿನ ನಡುವೆ "ಏನ್ರೀ," ಎಂದಳು. ಅಷ್ಟೇ. ಆ ಒಂದು ಮಾತನ್ನು ಎಷ್ಟೋ ಸಾವಿರ ಸಲ ಕೇಳಿದ್ದೇನೆ. ಹೀಗೆ ಕೇಳಿರಲಿಲ್ಲ.

ಆಮೇಲೆ ಬೈದಳು. ಅದು ನ್ಯಾಯವಾದದ್ದು, ಪೂರ್ತಿ ದಾಖಲಿಸುವುದಿಲ್ಲ. "ಮಾತಾಡ್ಬೇಕು ಅಂತ ಇಷ್ಟ್ ವರ್ಷದಲ್ಲಿ ಒಂದ್ ಸಲಾನಾದ್ರೂ ಫೋನ್ ಮಾಡಿದೀರಾ? ನಾನ್ ಹೆಂಗ್ರೀ ತಿಳ್ಕೋಬೇಕು?" ಎಂಬುದನ್ನು ಮಾತ್ರ ಬರೆದಿಡುತ್ತೇನೆ.

ಕೇಂದ್ರದಿಂದ ಗುಡ್ಡ ಇಳಿದು ಉಮುತೋನಿಯ ಕೊಡೆಯ ತನಕ ಓಡಿದ್ದಾಳೆ. ದಾರಿಯಲ್ಲಿ ಒಂದು ಚಪ್ಪಲಿ ಎಲ್ಲೋ ಬಿದ್ದಿದೆ. ಆ ಹುಡುಗಿ ಏನು ಎತ್ತ ಕೇಳದೆ, ತನ್ನ ಬಟನ್ ಫೋನಿಗೆ ಹೊರದೇಶದ ಪ್ಯಾಕ್ ಹಾಕಿ ಕೈಗೆ ಕೊಟ್ಟಿದ್ದಾಳೆ.

ಬಟನ್ ಫೋನು.

ಅಂಬರೀಶ ನನ್ನ ಭುಜ ಅಲ್ಲಾಡಿಸಿದ. "ಗುರುಗಳೇ, ಅದೇ ಫೋನು. ಅದನ್ನೇ ಮಿಷಿನ್ ಹತ್ರ ತಗೊಂಡೋಗಕ್ ಹೇಳಿ."

ಒಂದು ಚಪ್ಪಲಿಯಲ್ಲಿ ಜ್ಯೋತಿಯೂ, ಕೊಡೆ ಮಡಚಿ ಬಗಲಲ್ಲಿಟ್ಟುಕೊಂಡು ಉಮುತೋನಿಯೂ ಗುಡ್ಡ ಹತ್ತಿದರು. ಮಿಷಿನ್ ಚಾಲೂ ಆಯಿತು. ನಾನು ಫೋನನ್ನು ಮುನಿವೆಂಕಟಪ್ಪನ ಕಿವಿಗೆ ಹಿಡಿದೆ. ಅವನು ಕಣ್ಣು ಮುಚ್ಚಿದ. "ಫ್ಯಾನ್ ಆರ್ಸಪ್ಪ," ಎಂದ. ಆರಿಸಿದರು. ಅಂಗಡಿಗೆ ರೀಚಾರ್ಜಿಗೆ ಬಂದಿದ್ದವರು ಹೊರಗೆ ಕಟ್ಟೆಯ ಮೇಲೆ ಕೂತರು. ಹಾರ್ನ್ ಹೊಡೆಯುತ್ತಿದ್ದ ಬಸ್ಸಿನ ಡ್ರೈವರಿಗೆ ಅವರಲ್ಲೊಬ್ಬ ಕೈಸನ್ನೆ ಮಾಡಿದ. ಆಫ್ರಿಕಾದ ಮಿಷಿನ್ನು ಮಾತಾಡುತ್ತಿದೆ ಎಂದು ಅವನಿಗೆ ಹೇಗೆ ತಿಳಿಯಬೇಕು, ಆದರೂ ಹಾರ್ನ್ ನಿಲ್ಲಿಸಿದ.

ಎಷ್ಟೋ ಹೊತ್ತು ಕೇಳಿದ. ಬೆರಳಿನಿಂದ ತೊಡೆಯ ಮೇಲೆ ತಾಳ ಹಾಕುತ್ತಿದ್ದವನು ಇದ್ದಕ್ಕಿದ್ದಂತೆ ಬೆರಳು ನಿಲ್ಲಿಸಿದ.

"ಜ್ಯೋತಮ್ಮ, ನೂಲನ್ನ ಆಕಡೆ ಈಕಡೆ ಹಾಸೋ ಸಲಾಕೆ ಐತಲ್ಲ, ಅದು ಎಡಕ್ಕೆ ಸರಿ ಹೋಯ್ತೈತೆ. ಬಲಕ್ಕೆ ತಿರುಗೋವಾಗ ಒಂದ್ ಚೂರು ನಿಂತ್ಕತೈತೆ. ಕಣ್ಣಿಗ್ ಕಾಣಲ್ಲ. ಆ ನಿಂತ್ ಜಾಗದಾಗೇ ನೂಲ್ ಮ್ಯಾಲೆ ನೂಲ್ ಬಿದ್ದು ಅಂಟ್ಕತಾ ಐತೆ. ಬಲಗಡೆ ಬೋಲ್ಟ್ ಬಿಚ್ಚಿ, ಒಂದ್ ಚರ್ಮದ್ ವಾಷರ್ ಹಾಕಮ್ಮ."

"ಚರ್ಮ ಎಲ್ಲಿ ತರ್ಲಿ ಮುನಿಯಣ್ಣ ಈಗ?"

"ಕಾಲಲ್ಲಿ ಏನ್ ಹಾಕಿದೀಯ?"

ಅತ್ತ ಕಡೆಯಿಂದ ನಗು ಕೇಳಿಸಿತು. ಒಂದು ಚಪ್ಪಲಿ ಓಡುವಾಗ ಹೋಗಿತ್ತು, ಉಳಿದ ಒಂದನ್ನು ಯಾವ ಕಾಲಿಗೆ ಹಾಕುವುದು ಎಂದು ಯೋಚಿಸುತ್ತಿದ್ದಳಂತೆ. ಕತ್ತರಿ ತಂದರು. ಅರ್ಧ ಗಂಟೆಯ ಮೇಲೆ ಮತ್ತೆ ಚಾಲೂ ಮಾಡಿ ಕೇಳಿಸಿದಳು. ಮುನಿವೆಂಕಟಪ್ಪ ಕಣ್ಣು ಬಿಟ್ಟು, "ಈಗ ಚೆನ್ನಾಗ್ ಉಸಿರಾಡ್ತೈತೆ," ಎಂದು ಎದ್ದು ಹೋದ. ಕೊಡಲು ಹೋದದ್ದನ್ನು ತೆಗೆದುಕೊಳ್ಳಲಿಲ್ಲ. ಒಂದು ಟೀ ಕುಡಿದ.

ಮೇಘನ ಬಂದು ನನ್ನನ್ನು ಮುಟ್ಟಿ ನೋಡಿದಳು. ರಾತ್ರಿಗೆ ಮುದ್ದೆ ಮಾಡಿ ಬಡಿಸಿದೆ. "ಯಾವಾಗ ಕಲಿತ್ರಿ?" ಎಂದಳು. ನನಗೂ ಸರಿಯಾಗಿ ತಿಳಿಯದು.

ಗುರುವಾರ, ಸೆಪ್ಟೆಂಬರ್ 18

ಬೆಳಿಗ್ಗೆಯಿಂದ ಎರಡು ವಿಭಾಗಪತ್ರ ಬರೆದೆ. ಎರಡರಲ್ಲೂ ಪೂರ್ವ ಪಶ್ಚಿಮ ಅದಲುಬದಲಾಯಿತು. ಪಕ್ಕದ ಟೇಬಲಿನ ರವಿಚಂದ್ರ ಹಿಡಿದು ತೋರಿಸಿದ.

ಏಳಕ್ಕೆ ಒಂದು ರಿಂಗ್. ಕ್ಷೇಮ. ಆದರೆ ಕ್ಷೇಮವೆಂದರೆ ಇವತ್ತು ಯಾವ ಕ್ಷೇಮ ಎಂದು ಕರಾರಿನಲ್ಲಿ ಬರೆದಿಲ್ಲ. ಇಪ್ಪತ್ತು ವರ್ಷದಲ್ಲಿ ಮೊದಲ ಬಾರಿಗೆ ಆ ಕರಾರು ಎಷ್ಟು ಕೆಟ್ಟದಾಗಿ ಬರೆದದ್ದು ಎನಿಸಿತು.

ಎಂಟಕ್ಕೆ ಫೋಟೋ. ಇಪ್ಪತ್ತೆರಡು ಜನ, ಪ್ರತಿಯೊಬ್ಬರ ಕೈಯಲ್ಲಿ ಒಂದೊಂದು ಬೆಳ್ಳನೆಯ ನೂಲಿನ ಲಡಿ. ಮಧ್ಯದಲ್ಲಿ ಜ್ಯೋತಿ, ಹೊಸ ಚಪ್ಪಲಿ. ಎಲ್ಲರೂ ಪಾಸು.

ಫೋಟೋವನ್ನು ದೊಡ್ಡದು ಮಾಡಿ ಅವಳ ಬೆರಳುಗಳನ್ನು ನೋಡಿದೆ. ಬಿಸಿನೀರಿನಲ್ಲಿ ನೆನೆದು ನೆನೆದು ತುದಿ ಬೆಳ್ಳಗಾಗಿರುವ ಬೆರಳು. ಮದುವೆಯಾದ ಹೊಸತರಲ್ಲಿ ಇದಕ್ಕೊಂದು ಮುಲಾಮು ಹಚ್ಚಬಾರದಾ ಎಂದಿದ್ದೆ. ಆ ಬೆರಳಿಂದ ಒಂದು ದೇಶ ಕಲಿಯುತ್ತಿದೆ.

ಶನಿವಾರ, ಸೆಪ್ಟೆಂಬರ್ 20

ನಿರೀಕ್ಷಿಸಿದ್ದೇ. ಮಾರ್ಚಿ ಕೊನೆಯವರೆಗೆ ಇರಲು ಕೇಳಿದ್ದಾರೆ.

"ನೀವ್ ಬೇಡ ಅಂದ್ರೆ ಬರ್ತೀನಿ ರೀ. ಟಿಕೆಟ್ ಇದೆ," ಎಂದಳು. ಹಿಂದೆ ಯಾರೋ ಹಾಡುತ್ತಿದ್ದರು, ಯಾರೋ ಅವಳನ್ನು ಮೇಡಂ ಎಂದು ಕರೆಯುತ್ತಿದ್ದರು.

ನಾನು ಗಂಟಲು ಸರಿಮಾಡಿಕೊಂಡೆ. "ಸದರಿ ಜ್ಯೋತಿಲಕ್ಷ್ಮಿಯವರು ಮಾರ್ಚಿಯವರೆಗೆ ಅಲ್ಲಿಯೇ ಇರುವುದಕ್ಕೆ ನನ್ನದಾಗಲಿ, ನನ್ನ ವಾರಸುದಾರರದಾಗಲಿ ಯಾವುದೇ ತಂಟೆ ತಕರಾರು ಇರುವುದಿಲ್ಲ."

"ಸ್ಟ್ಯಾಂಪ್ ಪೇಪರ್ ಮೇಲೆ ಬರ್ಕೊಡ್ತೀರಾ?"

"ಬರ್ಕೊಡ್ತೀನಿ."

ಅವಳು ನಕ್ಕಳು. ಆಮೇಲೆ ನಗು ನಿಲ್ಲಿಸಿ, "ನಿಮಗ್ ಆಗುತ್ತೇನ್ರೀ?" ಎಂದು ಕೇಳಿದಳು.

ಆಗುತ್ತದೆ ಎಂದೆ. ಮೊನ್ನೆ ಮುದ್ದೆ ಗಂಟಿಲ್ಲದೆ ಬಂದದ್ದನ್ನು ವಿವರವಾಗಿ ಹೇಳಿದೆ.

ಬುಧವಾರ, ಸೆಪ್ಟೆಂಬರ್ 24

ಮಹಡಿ ಹತ್ತಲಿಲ್ಲ. ವಿಮಾನಗಳು ತಮ್ಮಷ್ಟಕ್ಕೆ ಹೋದವು.

ಅಂಬರೀಶನ ಅಂಗಡಿಗೆ ಹೋಗಿ ಹೊರದೇಶದ ಪ್ಯಾಕನ್ನು ತಿಂಗಳಿನದೇ ಹಾಕಿಸಿದೆ. "ಮಿಸ್ಡ್ ಕಾಲಿಗೆ ಇದೆಲ್ಲಾ ಯಾಕ್ ಗುರುಗಳೇ?" ಎಂದ, ಮುಖ ಗಂಭೀರವಾಗಿಟ್ಟುಕೊಂಡು. ಕಲಿತ ಹುಡುಗ.

ಬುಧವಾರ, ಅಕ್ಟೋಬರ್ 1

ಆಯುಧಪೂಜೆ. ನನ್ನ ಆಯುಧಗಳು: ಪೆನ್ನು, ಸೀಲು, ಸ್ಕೂಟರು. ಮೂರಕ್ಕೂ ಕುಂಕುಮ ಇಟ್ಟು ಹೂವು ಏರಿಸಿದೆ. ಸ್ವಲ್ಪ ಯೋಚಿಸಿ ಫೋನಿಗೂ ಒಂದು ಚುಕ್ಕೆ ಇಟ್ಟೆ. ಕ್ಯಾಮೆರಾ ಮುಚ್ಚಿತು. ಒರೆಸಿ ಪಕ್ಕದಲ್ಲಿಟ್ಟೆ.

ಏಳಕ್ಕೆ ಮಿಸ್ಡ್ ಕಾಲ್ ಕೊಟ್ಟೆ. ವಾಪಸ್ ರಿಂಗಾಯಿತು. ಜ್ಯೋತಿಯ ನಂಬರು. ಒಂದು ರಿಂಗ್ ಆಗಿ ಇನ್ನೇನು ನಿಲ್ಲಬೇಕು.

ಎತ್ತಿದೆ.

"ಅಯ್ಯೋ, ಯಾಕ್ರೀ ಎತ್ತಿದ್ರಿ? ಎಲ್ಲಾ ಸರಿ ಇದೀರಾ?"

"ಸರಿ ಇದೀನಿ."

"ಮತ್ತೆ?"

"ಏನಿಲ್ಲ. ಸುಮ್ನೆ."

"ನನ್ ಮಿನಿಟ್ ಹೋಗ್ತಾ ಇದೆ ಕಣ್ರೀ."

"ಇಡು, ನಾನ್ ಮಾಡ್ತೀನಿ."

ಇಟ್ಟಳು. ನಾನು ಮಾಡಿದೆ. ಒಂದು ಸಲ ರಿಂಗಾಯಿತು, ಎರಡು ಸಲ ಆಯಿತು. ಎತ್ತುತ್ತಾಳೋ ಎಣಿಸುತ್ತಾಳೋ ಎಂದು ಕಾದೆ. ಅರ್ಜಿ ಕೊಟ್ಟು ಕಿಟಕಿಯ ಮುಂದೆ ನಿಂತವರು ಹೇಗೆ ಕಾಯುತ್ತಾರೆಂದು ಇಪ್ಪತ್ತೆಂಟು ವರ್ಷ ನೋಡಿದ್ದೇನೆ, ನಿಂತದ್ದು ಇದೇ ಮೊದಲು.

ಎತ್ತಿದಳು.

"ಹೇಳ್ರೀ."

"ನೀನ್ ಹೇಳು. ಇವತ್ತೇನ್ ಮಾಡ್ದೆ?"

ಅವಳು ಹೇಳುತ್ತಾ ಹೋದಳು. ಮಿಷಿನ್ನಿಗೆ ಹೂವು ಮುಡಿಸಿದ್ದು, ಕುಂಬಳಕಾಯಿ ಒಡೆಯುವುದನ್ನು ನೋಡಿ ಹುಡುಗಿಯರು ಇದನ್ನು ಸಾರು ಮಾಡಬಾರದಿತ್ತಾ ಎಂದದ್ದು, ಉಮುತೋನಿ ತನ್ನ ಹಳದಿ ಕೊಡೆಗೂ ಕುಂಕುಮ ಇಡಿಸಿಕೊಂಡು ಹೋದದ್ದು. ಪೂಜೆ ಮುಗಿಸಿ ಮಿಷಿನ್ ಚಾಲೂ ಮಾಡಿದ್ದರಂತೆ. ಮಾತಿನ ಹಿಂದೆ ಸಲಾಕೆಯ ಸದ್ದು ನನಗೂ ಕೇಳಿಸುತ್ತಿತ್ತು. ಎಡಕ್ಕೂ ಬಲಕ್ಕೂ ಒಂದೇ ಸಮ.